ಏಳನೆಯ ವಾರ

6 ಮಾರ್ಚ್ 2025, ಗುರುವಾರ. ಅಂಗಡಿ. ಮಧ್ಯಾಹ್ನ 3.

ಒಂದು ಜೋಕಿಗೆ ಇದುವರೆಗೆ ತಗುಲಿದ ಖರ್ಚು. ಹೆಂಡತಿ ಮನೆಯಲ್ಲಿಲ್ಲದ ದಿನ — ಎಂಟು. ಹೋಟೆಲ್ ಊಟ — ಹದಿನೈದು. ಫೋನ್ ಮಾಡಿದ್ದು ಇಪ್ಪತ್ತೊಂದು ಸಲ, ಎತ್ತಿದ್ದು ಮೂರು. ಮೂರು ಸಲವೂ ಎತ್ತಿದವಳು ಅವಳ ತಂಗಿ ಮರ್ಲಿನ್. ಒಣಗಿದ ಕರಿಬೇವಿನ ಗಿಡ — ಒಂದು. ಆರು ವರ್ಷದಿಂದ ಇದೆ ಅಂದುಕೊಂಡಿದ್ದ ಮನಶ್ಶಾಂತಿ — ಪೂರ್ತಿ.

ಬೆಳಿಗ್ಗೆಯಿಂದ ಎರಡು ಹಾಸಿಗೆ ಹೋಯಿತು. ಎರಡೂ ಗೋಕುಲಂ ಬಡಾವಣೆಗೆ. ಯೋಗ ಕಲಿಯೋಕೆ ಬಂದ ಫಾರಿನ್ ಹೆಂಗಸರು. ತೆಳು ಬೇಕು, ಗಟ್ಟಿ ಬೇಕು, ಸಿಂಗಲ್ಲೇ ಬೇಕು. ಮೂರು ತಿಂಗಳು ಬ್ರಹ್ಮಚರ್ಯವಂತೆ. ಡಬಲ್‌ಗೆ ಆಫರ್ ಇದೆ ಅನ್ನೋಕೆ ಬಾಯಿ ತೆರೆದೆ, ಸುಮ್ಮನಾದೆ. ಬನ್ನಿಮಂಟಪದಲ್ಲಿ ಅರ್ಧ ಊರಿಗೆ ಡಬಲ್ ಹಾಸಿಗೆ ಮಾರಿದ ನಾನು ಮಲಗೋದು ಹಾಲ್‌ನಲ್ಲಿರೋ ದಿವಾನದ ಮೇಲೆ. ಅವರಿಗೆ ಬುದ್ಧಿ ಹೇಳೋಕೆ ನಾನ್ಯಾರು.

ಜೋಕ್ ಹೇಳಿದ್ದು ಫೆಬ್ರವರಿ 22. ಚರ್ಚಿನ ಮದುವೆ ತಯಾರಿ ಶಿಬಿರ. ಮದುವೆಯಾಗೋ ಜೋಡಿ ಮೊದಲು ಇಲ್ಲಿ ಬಂದು ಕೂರಬೇಕು, ಸರ್ಟಿಫಿಕೇಟ್ ತಗೋಬೇಕು, ಆಮೇಲೆ ಮದುವೆ. ದಾಂಪತ್ಯ ಪ್ರೇಮದ ಕ್ಲಾಸ್ ನನ್ನದು, ಹನ್ನೊಂದು ವರ್ಷದಿಂದ. ಓದಿದ್ದು ಏಳನೇ ಕ್ಲಾಸ್, ಶುರು ಮಾಡಿದ್ದು ಹತ್ತಿ ಹಿಂಜೋ ಕೆಲಸದಿಂದ. ಆದರೆ ಮೈಕ್ ಕೊಟ್ಟು ನೋಡಿ — ಇಂಜಿನಿಯರುಗಳನ್ನೂ ನಗಿಸ್ತೀನಿ, ಅಳಿಸ್ತೀನಿ. ಆವತ್ತಿನ ಪುಟ ತಿರುಗಿಸಿ ನೋಡಿದೆ. ನನ್ನದೇ ಅಕ್ಷರ: "ಜೋಡಿ 11. ನಗು ಒಂಬತ್ತು ಸಲ. ಜಪಸರದ ಜೋಕಿಗೆ ಚಪ್ಪಾಳೆ ಕೂಡ."

ಕ್ಲಾಸಿನ ಕೊನೆಗೆ ಪ್ರಶ್ನೆ ಡಬ್ಬಿ. ಹೆಸರಿಲ್ಲದ ಚೀಟಿಗಳು. ಫಾದರ್ ಜಾನ್ಸನ್ ಓದ್ತಾರೆ, ನಾನು ಉತ್ತರ ಕೊಡ್ತೀನಿ. ಒಂದು ಚೀಟಿ ಹೀಗಿತ್ತು: "ಮದುವೆಯಾಗಿ ಬಹಳ ವರ್ಷ ಕಳೆದ ಮೇಲೂ ಹೆಂಗಸಿಗೆ ಆಸೆ ಉಳಿದಿದ್ದರೆ ಅದು ಪಾಪವೇ? ಗಂಡನಿಗೆ ಹೇಗೆ ಹೇಳುವುದು?" ಯಾವನೋ ತರಲೆ ಹುಡುಗ ಬರೆದದ್ದು ಅಂದುಕೊಂಡೆ. "ಆ ಅಜ್ಜಿಗೊಂದು ಜಪಸರ ಕೊಡಿಸ್ರಪ್ಪ, ಐವತ್ತು ಮಣಿ ಎಣಿಸೋದ್ರೊಳಗೆ ನಿದ್ದೆ ಬರುತ್ತೆ" ಅಂದೆ. ಹಾಲ್ ಬಿದ್ದು ಬಿದ್ದು ನಕ್ಕಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸೋ ಜಾತಿಯಲ್ಲ. ನಮ್ಮನೇಲಿ ಆರು ವರ್ಷದಿಂದ ಅಣ್ಣ-ತಂಗಿ ಥರ ಇದೀವಿ, ಆಸೆ ಹೋಯ್ತು, ಶಾಂತಿ ಬಂತು ಅಂತ ಸಾಕ್ಷ್ಯ ಬೇರೆ ಹೇಳಿದೆ. ಜಯಮೇರಿ ಹಿಂದಿನ ಟೇಬಲ್ಲಿನಲ್ಲಿ ವಡೆ ತಟ್ಟೆ ಜೋಡಿಸ್ತಾ ಇದ್ದಳು. ಪ್ರತಿ ಶಿಬಿರಕ್ಕೂ ಟೀ, ವಡೆ ಅವಳದೇ.

ನಾಲ್ಕು ದಿನ ಬಿಟ್ಟು, ಮರ್ಲಿನ್‌ಗೆ ಮಂಡಿನೋವು ಅಂತ ಮೇಟಗಳ್ಳಿಗೆ ಹೋದಳು. ನಂಬಿದೆ.

ಗೊತ್ತಾಗಿದ್ದು ಮೊನ್ನೆ ಮಂಗಳವಾರ. ಬೂದಿ ಬುಧವಾರದ ಹಿಂದಿನ ದಿನ, ಹೋದ ವರ್ಷ ಗರಿಗಳ ಭಾನುವಾರ ಹಂಚಿದ ತೆಂಗಿನ ಗರಿಗಳನ್ನೆಲ್ಲ ಒಟ್ಟುಮಾಡಿ ಸುಟ್ಟು ಬೂದಿ ಮಾಡೋದು ನನ್ನ ಪಾಲಿನ ಸೇವೆ. ಶಿಬಿರದ ಚೀಟಿಗಳನ್ನೂ ಜೊತೆಗೇ ಸುಡ್ತೀವಿ, ಯಾರ ಕೈಗೂ ಸಿಗಬಾರದು ಅಂತ. ಡಬ್ಬಿ ಬಗ್ಗಿಸಿದೆ. ಒಂದು ಚೀಟಿ ಅಕ್ಷರ ಮೇಲಾಗಿ ಬಿತ್ತು. ಅದೇ ಪ್ರಶ್ನೆ. ಎಡಕ್ಕೆ ವಾಲಿದ ಅಕ್ಷರ. ಈ ಅಂಗಡಿಯ ಒಂದೊಂದು ಹಾಸಿಗೆಗೂ ಅಳತೆ ಚೀಟಿ ಬರೆಯೋಳು ಅವಳು. ಮೂವತ್ತು ವರ್ಷದಿಂದ. ಈಗಲೂ ಸುತ್ತ ಅದೇ ಅಕ್ಷರ — ಆರೂಕಾಲು ಅಡಿ, ಐದು ಅಡಿ, ಐದು ಇಂಚು.

ಸುಡಲಿಲ್ಲ. ಜೇಬಿಗೆ ಹಾಕಿಕೊಂಡೆ. ಮಾರನೇ ದಿನ ಫಾದರ್ ಹಣೆಗೆ ಬೂದಿ ಹಚ್ಚುತ್ತಾ, ಮಣ್ಣಿನಿಂದ ಬಂದವನು ಮಣ್ಣಿಗೇ ಅಂದರು. ಈ ವರ್ಷ ಸ್ವಲ್ಪ ಬೇಗ ಆದರೂ ಪರವಾಗಿಲ್ಲ ಅನ್ನಿಸಿತು.

8 ಮಾರ್ಚ್, ಶನಿವಾರ. ಬೆಳಿಗ್ಗೆ 11.

ಪಕ್ಕದ ಪಾತ್ರೆ ಅಂಗಡಿ ಬಸವರಾಜು ಸ್ಟೂಲ್ ಎಳೆದುಕೊಂಡು ಕೂತ. ದಿನಾ ಹಣೆ ತುಂಬ ವಿಭೂತಿ ಅವನದು. ಬುಧವಾರ ನನ್ನ ಹಣೆ ನೋಡಿ, ವರ್ಷಕ್ಕೊಂದ್ ದಿನವಾದ್ರೂ ದಾರಿಗೆ ಬತ್ತೀಯಲ್ಲ ಬುಡು ಅಂದಿದ್ದ. ಇವತ್ತು ಮುಖ ಯಾಕೆ ಹಳೇ ದಿಂಬಿನಂಗಾಗದೆ ಅಂತ ಕೇಳಿದ. ಹೇಳಿಬಿಟ್ಟೆ. ಇಪ್ಪತ್ತು ವರ್ಷದ ಸ್ನೇಹ. ಇಂಥ ವಿಷಯ ಮಾತಾಡಿದ್ದು ಇದೇ ಮೊದಲು. ಇಬ್ಬರೂ ರಸ್ತೆ ಕಡೆ ನೋಡಿಕೊಂಡೇ ಮಾತಾಡಿದೆವು.

ಆರು ವರ್ಷದ ಹಿಂದೆ ಜಯಮೇರಿಗೆ ಗರ್ಭಕೋಶ ತೆಗೆದರು. ಆರು ವಾರ ಬೇರೆ ಮಲಗಿ ಅಂದರು ಡಾಕ್ಟರು. ದಿಂಬು ತಗೊಂಡು ಹಾಲಿಗೆ ಬಂದೆ. ಆರು ವಾರ ಹಾಗೇ ಆರು ವರ್ಷ ಆಯ್ತು. ಜಗಳ ಇಲ್ಲ, ತಕರಾರಿಲ್ಲ. ನಾನು ಬೋರ್ಡಿಂಗ್‌ನಲ್ಲಿ ಬೆಳೆದೋನು. ಅಲ್ಲಿನ ವಾರ್ಡನ್ ಹೇಳ್ತಿದ್ದರು — ಆಸೆ ಅಂದ್ರೆ ಬೀದಿನಾಯಿ, ಒಂದು ದಿನ ಅನ್ನ ಹಾಕಿದರೆ ದಿನಾ ಬಾಗಿಲಿಗೆ ಬರುತ್ತೆ. ಅನ್ನ ನಿಲ್ಲಿಸಿದೆ. ಬರೋದು ನಿಲ್ಲಿಸಿತು. ಗೆದ್ದೆ ಅಂತ ಬರೆದುಕೊಂಡೆ.

ಬಸವರಾಜು ಕೇಳಿಸಿಕೊಂಡು, "ಬಾಗ್ಲು ಹಾಕ್ಬುಟ್ಟು, ಗಿರಾಕಿ ಕಾಟ ಇಲ್ಲ, ಅಂಗಡಿ ಶಾಂತವಾಗದೆ ಅಂದಂಗಾಯ್ತು ಕಣಯ್ಯ" ಅಂದ.

ಅವನ ಮನೇಲಿ ಬೆಳಿಗ್ಗೆ ಲಿಂಗಪೂಜೆಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಕೂರ್ತಾರಂತೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಕೀಳದೆ ನೋಡಬೇಕು. ಹೆಂಡತಿ ನೀಲಮ್ಮ ತವರಿಗೆ ಹೋದಾಗ ಇವನಿಗೆ ಆಗೋದಿಲ್ಲವಂತೆ. "ಅವಳ ಮಂಡಿ ನನ್ನ ಮಂಡಿಗೆ ತಗುಲ್ತಾ ಇದ್ರೇನೇ ನನ್ನ ಅಂಗೈ ಅಲ್ಲಾಡದೆ ನಿಲ್ಲೋದು. ಯಾವ ಶಿವ ಬ್ಯಾಡ ಅಂದ?"

ಹೇಳಿ ಮುಜುಗರ ಆಯಿತು ಅವನಿಗೆ. ಕುಕ್ಕರ್ ಗ್ಯಾಸ್ಕೆಟ್ ಕೇಳಿಕೊಂಡು ಯಾರೋ ಬಂದರು, ಎದ್ದ. ಹೋಗ್ತಾ, "ಓಗಿ ಕೇಳು. ಭಾಷಣ ಮಾತ್ರ ಬಿಗೀಬ್ಯಾಡ."

9 ಮಾರ್ಚ್, ಭಾನುವಾರ. ಪೂಜೆ ಮುಗಿದ ಮೇಲೆ.

ಪಾಪನಿವೇದನೆಗೆ ಹೋದೆ. ಫಾದರ್ ಜಾನ್ಸನ್‌ಗೆ ಮೂವತ್ತನಾಲ್ಕು, ನನಗೆ ಐವತ್ತೆಂಟು. ಮಗನ ವಯಸ್ಸಿನವರ ಮುಂದೆ ಮಂಡಿಯೂರಿ — ಜನರ ಮುಂದೆ ಒಬ್ಬರ ಪ್ರಶ್ನೆಯನ್ನು ತಮಾಷೆ ಮಾಡಿದೆ, ಅದು ಯಾರದು ಅಂತ ಆಮೇಲೆ ಗೊತ್ತಾಯ್ತು ಅಂದೆ. ಚೆನ್ನಾಗಿಯೇ ಹೇಳಿದೆ. ಹೇಳಿದ್ದು ಚೆನ್ನಾಗಿದೆ ಅಂತ ನನಗೇ ಅನ್ನಿಸಿದಾಗ ನಾಚಿಕೆ ಆಯ್ತು.

ಅವರು ಜೋಕಿನ ಬಗ್ಗೆ ಏನೂ ಕೇಳಲಿಲ್ಲ. ಆ ಶಾಂತಿ ಬಂತು ಅಂದಿರಲ್ಲ, ಅದು ಇಬ್ಬರಿಗೂ ಬಂದಿತ್ತಾ, ನಿಮಗೊಬ್ಬರಿಗಾ ಅಂತ ಕೇಳಿದರು. ಆಸೆಯನ್ನು ಗೆಲ್ಲೋದು ದೊಡ್ಡದಲ್ಲವಾ ಫಾದರ್ ಅಂದೆ. ನಾನು ಗುರು ಆಗೋಕೆ ಮದುವೆ ಬಿಟ್ಟಿದೀನಿ, ಬಿಡ್ತೀಯಾ ಅಂತ ಪೂಜಾಪೀಠದ ಮುಂದೆ ಎಲ್ಲರೆದುರು ಕೇಳಿದರು, ಬಿಡ್ತೀನಿ ಅಂತ ಹೇಳಿದೀನಿ ಅಂದರು ಫಾದರ್. "ನೀವೂ ಪೂಜಾಪೀಠದ ಮುಂದೇನೇ ಮಾತು ಕೊಟ್ಟಿದೀರಿ, ಸೆಬಾಸ್ಟಿಯನ್ ಅವ್ರೇ. ಬೇರೆ ಮಾತು. ಅದನ್ನ ವಾಪಸ್ ತಗೊಳ್ಳೋವಾಗ ನಿಮ್ಮ ಮನೆಯವರನ್ನ ಕೇಳಿದ್ರಾ?"

ಪ್ರಾಯಶ್ಚಿತ್ತಕ್ಕೆ ಜಪ ಕೊಡಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಿ, ಮೈಕ್ ಇಲ್ಲದೆ ಅಂದರು. ಐವತ್ತು ಜಪ ಕೊಟ್ಟಿದ್ದರೆ ಒಂದು ಗಂಟೇಲಿ ಮುಗೀತಿತ್ತು.

13 ಮಾರ್ಚ್, ಗುರುವಾರ.

ಮೇಟಗಳ್ಳಿಗೆ ಹೋಗಿ ಬಂದೆ. ನಷ್ಟ.

ಗೇಟಿನಲ್ಲೇ ಮರ್ಲಿನ್. ಮಂಡಿನೋವು ಎಂಗಿದೆ ಅಂದೆ. "ಯಾರ ಮಂಡಿ ಭಾವ?" ಅಂದಳು. ಒಳಗೆ ಬಿಟ್ಟಳು, ಅದೇ ದೊಡ್ಡದು.

ಜಯಮೇರಿ ಬಂದು ಎದುರು ಕುರ್ಚಿಯಲ್ಲಿ ಕೂತಳು. ಸ್ವಲ್ಪ ಸೊರಗಿದಾಳೆ. ಅಥವಾ ನಾನು ಸರಿಯಾಗಿ ನೋಡಿ ಬಹಳ ದಿನ ಆಗಿದೆ. ಚೀಟಿ ತೆಗೆದು ಟೇಬಲ್ ಮೇಲೆ ಇಟ್ಟೆ. ನೋಡಿದಳು. ಮುಟ್ಟಲಿಲ್ಲ. ಶುರು ಮಾಡಿದೆ. ದಾಂಪತ್ಯ ಅಂದ್ರೆ ಒಂದು ಸಂಸ್ಕಾರ ಅಂದೆ. ಕ್ಷಮೆ ಅನ್ನೋದು ಎರಡು ಕಡೆಯಿಂದ ಎಳೆಯೋ ಗರಗಸ ಅಂದೆ — ಇದು ಶಿಬಿರದಲ್ಲಿ ಯಾವಾಗಲೂ ಚೆನ್ನಾಗಿ ಓಡುತ್ತೆ. ಎಷ್ಟು ಹೊತ್ತು ಹೇಳಿದೆನೋ. ಕೈ ಕೂಡ ಆಡಿಸ್ತಿದ್ದೆ.

ಪೂರ್ತಿ ಕೇಳಿದಳು. ಆಮೇಲೆ, "ಸಭೆ ಮುಗೀತಾ?" ಅಂದು ಎದ್ದು ಒಳಗೆ ಹೋದಳು.

ಮರ್ಲಿನ್ ಕಾಫಿ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ. ನನಗೆ ಶುಗರ್ ಅಂತಲೋ, ಬೇಕೂಂತಲೇ ಮಾಡಿದ್ದೋ.

14 ಮಾರ್ಚ್.

ಫೋನ್ ಮಾಡಲಿಲ್ಲ. ಒಂದು ಹಾಸಿಗೆಯೂ ಹೋಗಲಿಲ್ಲ. ಬಿಸಿಲು.

23 ಮಾರ್ಚ್, ಭಾನುವಾರ. ಸಂಜೆ 6.

ಇವತ್ತು ಮತ್ತೆ ಹೋದೆ. ಏನು ಹೇಳಬೇಕು ಅಂತ ತಯಾರಿ ಮಾಡಿಕೊಳ್ಳದೆ. ಬಸ್ಸಿನಲ್ಲಿ ಎರಡು ಸಲ ವಾಕ್ಯ ತಾನಾಗೇ ಕಟ್ಟಿಕೊಂಡಿತು, ಎರಡು ಸಲವೂ ಕಿಟಕಿಯಿಂದ ಆಚೆ ಎಸೆದೆ.

ಟೆರೇಸಿನಲ್ಲಿದ್ದಳು. ಅಕ್ಕಿ ಸಂಡಿಗೆ ಇಡ್ತಿದ್ದಳು, ಹಳೇ ಪಂಚೆ ಮೇಲೆ, ಸಾಲು ಸಾಲಾಗಿ. ಕಾಗೆ ಓಡಿಸೋಕೆ ಅಂತ ಒಂದು ಕೋಲು ಬಿದ್ದಿತ್ತು, ಎತ್ತಿಕೊಂಡು ನೀರಿನ ಟ್ಯಾಂಕಿನ ನೆರಳಲ್ಲಿ ಕೂತೆ. ಅರ್ಧ ಗಂಟೆ ಕಾಗೆ ಓಡಿಸಿದೆ. ಹನ್ನೊಂದು ಸಾಲು ಆಯಿತು. ಕಾಗೆ ನಾಲ್ಕು.

ಹನ್ನೆರಡನೇ ಸಾಲಿಗೆ, ತಲೆ ಎತ್ತದೆ, ಕೇಳಿದಳು: "ಆಪರೇಶನ್ ಆದ್ಮೇಲೆ ಡಾಕ್ಟ್ರು ಎಷ್ಟು ದಿನ ಅಂದಿದ್ರು?"

ಆರು ವಾರ ಅಂದೆ.

"ನಲವತ್ತೆರಡು ದಿನ. ನಾನು ಎಣಿಸಿದ್ದೆ. ನಲವತ್ಮೂರನೇ ದಿನ ತಲೆಗೆ ಸ್ನಾನ ಮಾಡಿ, ಬೀರುವಿನಲ್ಲಿದ್ದ ಹೊಸ ಬೆಡ್‌ಶೀಟ್ ತೆಗೆದು ಹಾಸಿದ್ದೆ. ನೀಲಿ ಹೂವಿಂದು. ನೀವು ಒಳಗೆ ಬಂದ್ರಿ. ಬೆಡ್‌ಶೀಟ್ ನೋಡಿದ್ರಿ. ಹೊದಿಕೆ ತಗೊಂಡು ಮತ್ತೆ ಹಾಲಿಗೆ ಹೋದ್ರಿ."

ನೆನಪಿದೆ. ಅದೇ ಕಷ್ಟ. ನೀಲಿ ಹೂವು ನನಗೆ ಚೆನ್ನಾಗಿ ನೆನಪಿದೆ.

"ಒಳಗಿಂದು ತೆಗೆದುಬಿಟ್ರಲ್ಲ, ಇನ್ನು ಇವಳು ಹೆಂಗಸಲ್ಲ ಅನ್ಕೊಂಡ್ರೇನೋ ಅಂದ್ಕೊಂಡೆ. ಆರು ವರ್ಷ ಹಾಗೇ ಅಂದ್ಕೊಂಡಿದ್ದೆ ಕಣ್ರೀ. ಆಮೇಲೆ ನೀವು ಮೈಕಲ್ಲಿ, ಅಣ್ಣ-ತಂಗಿ ಅಂತ... ಅಷ್ಟು ಜನದ ಮುಂದೆ. ನಾನು ಚಟ್ನಿ ಹಾಕ್ತಿದ್ದೆ."

ಭಾಷಣಕಾರ ನಾನು. ವಾಕ್ಯ ಕಟ್ಟದೆ ಬಂದಷ್ಟು ಹೇಳಿದೆ. ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಬದಲಾಯಿಸೋವಾಗ ಹೊಲಿಗೆ ನೋಡಿದ್ದೆ. ಇಷ್ಟುದ್ದ. ಅವಳು ಹಲ್ಲು ಕಚ್ಚಿಕೊಂಡಿದ್ದಳು. ನೀಲಿ ಹೂವು ನೋಡಿದಾಗ ಗೊತ್ತಾಯ್ತು, ಯಾತಕ್ಕೆ ಅಂತ. ನೋವು ಮಾಡಿಬಿಟ್ಟರೆ? ಅಥವಾ ನನ್ನಿಂದ ಆಗದೇ ಹೋದರೆ — ಆಗಲೇ ಶುಗರ್ ಇತ್ತು. ಇನ್ನೊಂದು ವಾರ ಹೋಗಲಿ ಅಂದುಕೊಂಡೆ. ಆಮೇಲೆ ಕೇಳೋಕೆ ನಾಚಿಕೆ. ನಾಚಿಕೆಗೆ ಒಂದು ಒಳ್ಳೇ ಹೆಸರು ಬೇಕಿತ್ತು. ಶಾಂತಿ ಅಂತ ಇಟ್ಟೆ. ಜನ ಚಪ್ಪಾಳೆ ಹೊಡೆದರು, ನಾನೂ ನಂಬಿದೆ.

ಅವಳ ಕೈ ನಿಂತಿತು. ಹಿಟ್ಟು ಬೆರಳಲ್ಲೇ ಒಣಗ್ತಿತ್ತು. "ಭಯ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ವಾ" ಅಂದಳು. ಕೋಪದಲ್ಲಿ ಅಲ್ಲ. ಸುಸ್ತಾದೋರು ಹೇಳೋ ಹಾಗೆ.

ಈಗ ಹೇಳ್ತಿದೀನಲ್ಲ, ಮನೆಗೆ ಬಾ ಅಂದೆ.

"ಆ ಚೀಟಿ ಬರೆದಾಗ ಆಸೆ ಇತ್ತು. ಈಗ ಇದೆಯೋ ಇಲ್ವೋ ನಂಗೇ ಗೊತ್ತಿಲ್ಲ. ಐವತ್ಮೂರು ವರ್ಷ ನಂಗೆ. ಸುಮ್ನೆ ಬಾ ಅಂದ್ರೆ ಬರೋಕೆ, ಅದೇನು ಕರೆಂಟಾ?"

ನಾನು ಕೋಲು ಹಿಡಿದುಕೊಂಡು ಕೂತೇ ಇದ್ದೆ. ಐದನೇ ಕಾಗೆ ಬಂದು ಎರಡು ಸಂಡಿಗೆ ತಿಂದುಕೊಂಡು ಹೋಯಿತು. ಇಬ್ಬರೂ ನೋಡಿದೆವು. ಯಾರೂ ಓಡಿಸಲಿಲ್ಲ.

24 ಮಾರ್ಚ್.

ಅವಳೇ ಫೋನ್ ಮಾಡಿದ್ದಳು. ಬಿಪಿ ಮಾತ್ರೆ ತಗೊಂಡ್ರಾ ಅಂತ. ಹದಿನಾಲ್ಕು ಸೆಕೆಂಡ್.

30 ಮಾರ್ಚ್, ಭಾನುವಾರ.

ಬಂದಳು. ಆಟೋದಲ್ಲಿ, ಒಂದು ಬ್ಯಾಗು, ಎರಡು ಡಬ್ಬ ಸಂಡಿಗೆ. ಮರ್ಲಿನ್ ಮನೆಗೆ ಅವಳ ಅತ್ತೆ ಕಡೆಯವರು ಬರ್ತಾರಂತೆ, ಜಾಗ ಇಲ್ಲವಂತೆ. ಕಾರಣ ಯಾವುದಾದರೂ ಇರಲಿ. ಕರಿಬೇವಿನ ಗಿಡ ನೋಡಿ ಒಂದು ಚೊಂಬು ನೀರು ಹಾಕಿದಳು.

ಊಟಕ್ಕೆ ಕೂತಾಗ ಷರತ್ತು ಹೇಳಿದಳು. ಒಂದು: ನಾನು ಈಗ ಮಲಗೋ ಕಡೆಯೇ ಮಲಗಬೇಕು, ದಿವಾನದ ಮೇಲೆ. ಅವಳು ಹೇಳೋವರೆಗೂ. ಎರಡು: ಏಪ್ರಿಲ್ 5ರ ಶಿಬಿರದಲ್ಲಿ ಆ ಚೀಟಿಯನ್ನು ಫಾದರ್ ಮತ್ತೆ ಓದಬೇಕು. "ಉತ್ತರ ನಾನು ಹೇಳ್ತೀನಿ. ನೀವು ವಡೆ ಹಂಚಿ."

ಏನು ಹೇಳ್ತೀಯ ಅಂದೆ. ಇನ್ನೂ ಯೋಚಿಸಿಲ್ಲ ಅಂದಳು.

ಹನ್ನೊಂದು ವರ್ಷದ ಹೆಸರು. ನೀಲಿ ಹೂವು, ಶುಗರ್, ನನ್ನ ಭಯ — ಎಲ್ಲ ಈಗ ಅವಳ ಕೈಯಲ್ಲಿದೆ. ಒಂದೇ ಒಂದು ಮಾತಿನಲ್ಲಿ ಊರಲ್ಲಿ ತಲೆ ಎತ್ತದ ಹಾಗೆ ಮಾಡಬಹುದು. ಬೇಡ ಅನ್ನೋಣ ಅಂತ ಬಾಯಿ ತುದಿಗೆ ಬಂತು. ಬೇಡ ಅಂದರೆ ಹೊರಟೇಬಿಡ್ತಾಳೆ, ಬ್ಯಾಗ್ ಇನ್ನೂ ಬಿಚ್ಚಿರಲಿಲ್ಲ.

ಆಗಲಿ ಅಂದೆ.

2 ಏಪ್ರಿಲ್, ಬುಧವಾರ.

ಸಂಜೆ ಹೊತ್ತು ಅವಳ ಮಂಚದ ಅಂಚಿಗೆ ಕೂತು ಮಾತಾಡೋದು ಅಂತ ಆಗಿದೆ. ಕಾಲು ಗಂಟೆ. ಇವತ್ತು ಕೇಳಿದಳು, ದಿವಾನದ ಮೇಲೆ ಬೆನ್ನು ನೋಯಲ್ವಾ ಅಂತ. ನೋಯುತ್ತೆ ಅಂದೆ. ಹಾಸಿಗೆ ಅಂಗಡಿ ಇಟ್ಕೊಂಡು ಅಂದಳು. ನಕ್ಕಳು, ಸ್ವಲ್ಪ. ನಾನು ಎಣಿಸಲಿಲ್ಲ.

ಹೊಲಿಗೆ ಗುರುತು ಈಗ ಹೇಗಿದೆ ಅಂತ ಕೇಳಿದೆ. ಆರು ವರ್ಷಕ್ಕೆ ಮೊದಲ ಸಲ. ಗೆರೆ ಥರ ಇದೆ, ನೋವಿಲ್ಲ, ನೋವು ಹೋಗಿ ಐದೂಮುಕ್ಕಾಲು ವರ್ಷ ಆಯ್ತು ಅಂದಳು.

5 ಏಪ್ರಿಲ್, ಶನಿವಾರ. ಸಂಜೆ.

ಜೋಡಿ ಹನ್ನೆರಡು. ಈಸ್ಟರ್ ಕಳೆದ ಮೇಲೆ ಮದುವೆ ಸಾಲಾಗಿವೆ.

ವಡೆ ಟೇಬಲ್ ಹಿಂದಿನಿಂದ ಆ ಹಾಲನ್ನು ಮೊದಲ ಸಲ ನೋಡಿದೆ. ಅಲ್ಲಿಂದ ಮೈಕ್ ಹಿಡಿದೋರು ಬಹಳ ಚಿಕ್ಕದಾಗಿ ಕಾಣ್ತಾರೆ, ಮಾತು ಮಾತ್ರ ಬಹಳ ದೊಡ್ಡದಾಗಿ ಕೇಳುತ್ತೆ.

ಫಾದರ್ ಚೀಟಿ ಓದಿದರು. ಇಬ್ಬರು ಹುಡುಗರು ಕಿಸಕ್ಕಂದರು. ಜಯಮೇರಿ ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು. ಮೈಕ್ ಬೇಡ ಅಂದಳು. ನನ್ನ ಕೈಯಲ್ಲಿ ಚಟ್ನಿ ಸೌಟು.

"ಇದು ನಾನು ಬರೆದಿದ್ದು. ಪಾಪ ಅಲ್ಲ. ದೇವರು ಜೋಡಿ ಮಾಡಿದ್ದು ಇಬ್ಬರು ಮನುಷ್ಯರನ್ನ, ಎರಡು ಫೋಟೋನ ಅಲ್ಲ. ಗಂಡನಿಗೆ ಎಂಗೆ ಹೇಳೋದು ಅಂತ ನಂಗೆ ಗೊತ್ತಿರ್ಲಿಲ್ಲ, ಚೀಟೀಲಿ ಬರೆದೆ. ಅವರಿಗೂ ಗೊತ್ತಿರ್ಲಿಲ್ಲ, ತಮಾಷೆ ಮಾಡಿದ್ರು. ನೀವು ಎರಡೂ ಮಾಡ್ಬೇಡಿ. ಕಾಯಿಲೆ ಬರುತ್ತೆ, ಹೆರಿಗೆ ಆಗುತ್ತೆ, ಆರು ವಾರ ದೂರ ಇರಿ ಅಂತಾರೆ ಡಾಕ್ಟ್ರು. ಇರಿ. ಏಳನೇ ವಾರ ಯಾರಾದ್ರೂ ಒಬ್ರು ಬಾಯಿ ಬಿಡಿ. ಭಯ ಇದ್ರೆ ಭಯ ಅನ್ನಿ. ಬೇಡ ಅನ್ಸಿದ್ರೆ ಬೇಡ ಅನ್ನಿ. ಸುಮ್ಮನಿರೋದನ್ನ ಮಾತ್ರ ಶಾಂತಿ ಅಂತ ಕರೀಬೇಡಿ."

ಕೂತಳು. ಎರಡು ನಿಮಿಷ ಕೂಡ ಆಗಿರಲಿಲ್ಲ. ನನ್ನ ಶುಗರ್, ನೀಲಿ ಹೂವು — ಯಾವುದನ್ನೂ ಮುಟ್ಟಲಿಲ್ಲ. ಅವನ್ನು ಅಲ್ಲೇ ಬಿಟ್ಟಳು, ನಮ್ಮಿಬ್ಬರ ಮಧ್ಯೆ. ಯಾರೂ ನಗಲಿಲ್ಲ. ಚಪ್ಪಾಳೆಯೂ ಇಲ್ಲ. ಮುಂದಿನ ಸಾಲಿನ ಒಬ್ಬ ಹುಡುಗ ಪೆನ್ ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡ.

ನಾನು ವಡೆ ಹಂಚಿದೆ. ಒಬ್ಬಳು ಹುಡುಗಿ, "ನೀವೇನಾ ಅಂಕಲ್?" ಅಂದಳು. ನಾನೇ ಕಣಮ್ಮ ಅಂದೆ. ಇನ್ನೊಂದು ವಡೆ ಹಾಕಿದೆ.

ಮನೆಗೆ ಬಂದು ಚಪ್ಪಲಿ ಬಿಡೋವಾಗ ಹೇಳಿದಳು: "ಇವತ್ತು ಒಳಗೆ ಮಲಗಿ. ಬರೀ ಮಲಗಿ."

6 ಏಪ್ರಿಲ್, ಭಾನುವಾರ. ಬೆಳಿಗ್ಗೆ 7.

ಬರೀ ಮಲಗಿದೆವು. ಅವಳು ಗೋಡೆ ಕಡೆ. ಅವಳ ಮೊಣಕೈ ಬಂದು ನನ್ನ ಪಕ್ಕೆಗೆ ತಗುಲಿಕೊಂಡಿತು, ತೆಗೆಯಲಿಲ್ಲ. ಅವಳಿಗೆ ನಿದ್ದೆ ಬಂತು. ನನಗೆ ಬರಲಿಲ್ಲ. ಆ ಬೀದಿನಾಯಿ ಸತ್ತಿಲ್ಲ. ಇಷ್ಟು ವರ್ಷ ಎಲ್ಲೋ ಮೂಲೆಯಲ್ಲಿ ಮಲಗಿತ್ತು, ಮುದಿಯಾಗಿದೆ, ಕಣ್ಣು ಬಿಟ್ಟು ನೋಡಿತು. ಓಡಿಸಲಿಲ್ಲ.

ಸರಿ, ಯಾರಿಗೆ ಏನು ಸಿಕ್ಕಿತು ನೋಡೋಣ.

ಮರ್ಲಿನ್‌ಗೆ — ಒಂದು ತಿಂಗಳು ಅಕ್ಕನ ಕೈ ಅಡುಗೆ, ಇಲ್ಲದ ಮಂಡಿನೋವಿಗೆ.

ಫಾದರ್‌ಗೆ — ಹೊಸ ಉಪನ್ಯಾಸಕಿ. ಜೂನ್ ಶಿಬಿರಕ್ಕೂ ಅವರೇ ಇರಲಿ ಅಂತ ಆಗಲೇ ಮೆಸೇಜ್ ಬಂದಿದೆ.

ಬಸವರಾಜುಗೆ — ಸಾಯೋವರೆಗೂ ನನ್ನನ್ನು ಆಡಿಕೊಳ್ಳೋಕೆ ಸರಕು.

ಹನ್ನೆರಡು ಜೋಡಿಗೆ — ಒಂದು ಮಾತು. ಯಾವತ್ತಾದರೂ ಬೇಕಾದೀತು.

ನನಗೆ — ಮಂಚದ ಅರ್ಧ. ಶಾಂತಿ ಇಲ್ಲ. ಬೆನ್ನುನೋವೂ ಇಲ್ಲ.

ಜಯಮೇರಿಗೆ — ಕಳೆದುಕೊಂಡ ಮರ್ಯಾದೆ ವಾಪಸ್ ಬಂತು, ಅಂತ ಬರೆಯೋಕೆ ಹೊರಟೆ. ನೋಡು, ಮತ್ತೆ ಅದೇ. ಅವಳ ಪಾಲಿನದನ್ನೂ ನಾನೇ ಬರೀತಿದೀನಿ. ಅಡುಗೆಮನೆಯಲ್ಲಿದಾಳೆ, ಹಾಲು ಕಾಯಿಸ್ತಾ. ಹೋಗಿ ಕೇಳಿ ಬಂದು ಬರೀತೀನಿ.